ಮಿಠಾಯಿ ಅಂಗಡಿಯವನ ಸೇವೆ: ಗಟಾರದ ಮೇಲಿದ್ದ ಕಲ್ಲು ಗೋಡೆಗೆ ಏರಿದ ಬಗೆ

ನಮ್ಮೂರ ಕನ್ನಡ ಸಾಲಿಯ ಅಡುಗೆ ಕೋಣೆಯ ಹಿಂದೆ ಪಾತ್ರೆ ತೊಳೆದ ನೀರು ಹರಿಯುವ ಒಂದು ಗಟಾರ ಇದೆ. ಅದರ ಮೇಲೆ ಮುಚ್ಚಳವಾಗಿ ಬಿದ್ದಿದ್ದ ಫರಸಿ ಕಲ್ಲನ್ನು ನಾನೂ ನನ್ನ ಓರಗೆಯವರೂ ಎಷ್ಟೋ ವರ್ಷ ತುಳಿದು ಓಡಾಡಿದ್ದೇವೆ. ಕಳೆದ ಮಳೆಗಾಲದಲ್ಲಿ ಗಟಾರ ಕಟ್ಟಿಕೊಂಡಿತು. ಕೆಸರು ತೆಗೆಯಲು ಕಲ್ಲೆತ್ತಿದಾಗ ಅದರ ಕೆಳಮೈಯಲ್ಲಿ ಸುಣ್ಣ, ಬಣ್ಣ, ಪಾಚಿಗಳ ಅಡಿಯಿಂದ ಎರಡು ಅಕ್ಷರ ಇಣುಕಿದವು. ‘ಮಿಠಾ’. ಅಷ್ಟೇ.

ಅಡುಗೆ ಮಾಡುವ ಅಕ್ಕ ನನ್ನನ್ನು ಕರೆಸಿದರು. ನಾನು ಹುಬ್ಬಳ್ಳಿಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕೆಲಸ ಮಾಡುವವನು. ರವಿವಾರ ಊರಲ್ಲಿರುತ್ತೇನೆ, ಸಾಲಿಯ ಬೆಂಚು, ಬಾಗಿಲು, ಪಂಪು ರಿಪೇರಿ ಇದ್ದರೆ ನೋಡಿಕೊಡುತ್ತೇನೆ. ಮರ, ಕಬ್ಬಿಣ ನನಗೆ ಗೊತ್ತು. ಕಲ್ಲಿನ ಕೆಲಸ ಹೊಸದು. ಹಾಗಾಗಿ ಮೊದಲ ದಿನದಿಂದಲೇ ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳುತ್ತ ಬಂದೆ. ನಿಮ್ಮೂರಲ್ಲೂ ಇಂಥ ಕಲ್ಲು ಎಲ್ಲಾದರೂ ಬಟ್ಟೆ ಒಗೆಯುವ ಹಾಸಾಗಿ ಬಿದ್ದಿದ್ದರೆ ಈ ಬರಹ ಉಪಯೋಗಕ್ಕೆ ಬರಬಹುದು.

ಮೊದಲ ರವಿವಾರ

ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಇಂಚು ದಪ್ಪ. ಸುಮಾರು 28 ಕೆಜಿ ತೂಕ. ಬಲಗಡೆಯ ಕೆಳಮೂಲೆಯಲ್ಲಿ ಹಳೆಯದೊಂದು ಬಿರುಕು. ಅದನ್ನು ನೋಡಿಯೂ ನಾನು ಹಾರೆ ಹಾಕಿ ಮೀಟಿದೆ. ಆ ಮೂಲೆ ಕಳಚಿ ಕೈಗೆ ಬಂತು. ಮೊದಲು ಗೋಣಿಚೀಲ ಹಾಸಿ, ಇಬ್ಬರು ಎರಡು ಕಡೆ ಹಿಡಿದು ನಿಧಾನವಾಗಿ ಸರಿಸಬೇಕಿತ್ತು. ಬಿರುಕು ಬಿಟ್ಟ ಕಲ್ಲಿಗೆ ಹಾರೆ ಹಾಕಲೇಬಾರದು.

ಮುರಿದ ಮೂಲೆಯ ಒಳಗೆ ತುಕ್ಕು ಹಿಡಿದ ಕಬ್ಬಿಣದ ಕೊಕ್ಕೆಯ ತುಂಡೊಂದು ಸಿಕ್ಕಿತು. ಬಿರುಕಿನ ಮೂಲವೇ ಅದು. ಕಲ್ಲನ್ನು ಗೋಡೆಗೆ ಹಿಡಿಸಲು ಆಗ ಕಬ್ಬಿಣದ ಕೊಕ್ಕೆ ಬಳಸಿದ್ದಾರೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ವರ್ಷ ವರ್ಷ ಉಬ್ಬುತ್ತ ಒಳಗಿನಿಂದಲೇ ಕಲ್ಲನ್ನು ಸೀಳಿದೆ. ಹಳೆಯ ಕಟ್ಟಡಗಳಲ್ಲಿ ಮೂಲೆ ಹಾರಿದ ಕಲ್ಲು ಕಂಡರೆ ಒಳಗೆ ಕಬ್ಬಿಣ ಇದೆಯೇ ಎಂದು ಮೊದಲು ನೋಡಬೇಕು.

ಕಲ್ಲಿನ ಜಾತಿ ಯಾವುದು ಎಂಬುದು ಮುಂದಿನ ಪ್ರಶ್ನೆ. ಬೂದು ಬಣ್ಣ, ಪದರು ಪದರಾದ ಅಂಚು, ನೋಡಿದರೆ ಶಹಾಬಾದ್ ಫರಸಿ. ಖಾತ್ರಿಯಾಗಲಿ ಎಂದು ಹಿಂಬದಿಯ ಒಂದು ಮೂಲೆಯನ್ನು ಕೆರೆದು ನಿಂಬೆರಸದ ಎರಡು ಹನಿ ಬಿಟ್ಟೆ. ಸಣ್ಣಗೆ ನೊರೆ ಎದ್ದಿತು. ಅಂದರೆ ಸುಣ್ಣದಕಲ್ಲು. ಈ ಎರಡು ಹನಿಯ ಮೇಲೆ ಮುಂದಿನ ಕೆಲಸವೆಲ್ಲ ನಿಂತಿತ್ತು. ನಮ್ಮ ಕಡೆ ಟೈಲ್ಸ್, ಕಲ್ಲು ಏನೇ ಇರಲಿ, ಆ್ಯಸಿಡ್ ಹಾಕಿ ತೊಳೆಯುವುದು ರೂಢಿ. ಗ್ರಾನೈಟು ಹೇಗೋ ತಡೆದೀತು. ಸುಣ್ಣದಕಲ್ಲಿಗೆ ಆ್ಯಸಿಡ್ ಬಿದ್ದರೆ ಕೊಳೆಯ ಜೊತೆಗೆ ಅಕ್ಷರವೂ ಕರಗಿ ಹೋಗುತ್ತದೆ. ಸಾಲಿಗೆ ಬಂದಿದ್ದ ಒಬ್ಬರು “ಒಂದ ಬಾಟ್ಲಿ ಆ್ಯಸಿಡ್ ತರ್ತೀನಿ, ಐದ ಮಿನಿಟಿನ್ಯಾಗ ಲಕಲಕ ಅಂತದ” ಎಂದರು. ನಿಂಬೆಹಣ್ಣಿನ ನೊರೆ ತೋರಿಸಿ ಬೇಡವೆಂದೆ.

ಆ ರಾತ್ರಿ

ತೊಳೆಯುವ ಮೊದಲು ಓದಬೇಕು ಎಂದು ತೀರ್ಮಾನಿಸಿದ್ದೆ. ತೊಳೆಯುವಾಗ ಏನಾದರೂ ಉದುರಿದರೆ ಮತ್ತೆ ಸಿಗುವುದಿಲ್ಲ. ಶಾಸನ ಓದುವವರು ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಕೂರಿಸಿ, ಮೇಲೆ ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದಕ್ಕೆ ಪಳಗಿದ ಕೈ ಬೇಕು, ಈ ಮೆತ್ತಗಾದ ಮೈಯ ಮೇಲೆ ನಾನು ಪ್ರಯೋಗ ಮಾಡಲಿಲ್ಲ. ಬದಲಿಗೆ ಕತ್ತಲಾದ ಮೇಲೆ ಕಲ್ಲನ್ನು ಪಡಸಾಲೆಯಲ್ಲಿ ಮಲಗಿಸಿ, ಟಾರ್ಚನ್ನು ಕಲ್ಲಿನ ಮಟ್ಟಕ್ಕೇ ಇಳಿಸಿ ಅಡ್ಡಬೆಳಕು ಬಿಟ್ಟೆ. ಎದುರಿನಿಂದ ಬೆಳಕು ಬಿಟ್ಟಾಗ ಬರೀ ಬಿಳಿ ಕಲೆಯಾಗಿದ್ದದ್ದು, ಪಕ್ಕದಿಂದ ಬಿಟ್ಟ ಕೂಡಲೇ ನೆರಳು ತುಂಬಿಕೊಂಡು ಅಕ್ಷರವಾಯಿತು. ನಾಲ್ಕೂ ದಿಕ್ಕಿನಿಂದ ಹೀಗೆ ಫೋಟೋ ತೆಗೆದುಕೊಂಡೆ. ಕೆಲವರು ಅಕ್ಷರ ಕಾಣಲಿ ಎಂದು ಹಿಟ್ಟನ್ನೋ ಸೀಮೆಸುಣ್ಣವನ್ನೋ ತಿಕ್ಕುತ್ತಾರೆ. ಅದು ಕಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತದೆ. ಟಾರ್ಚು ಇರುವಾಗ ಅದರ ಅಗತ್ಯವೇ ಇಲ್ಲ.

ಅಂದು ಓದಲು ಸಿಕ್ಕದ್ದು ಇಷ್ಟು: ‘ಸಾಲಿಯ ಮಕ್ಕಳ ನೀರಡಿಕಿಗೆ / ಮಿಠಾಯಿ ಅಂಗಡಿಯವನ ಸೇವೆ / ಶಕೆ ೧೮?೯ ಸರ್ವಜಿತ್ ನಾಮ ಸಂವತ್ಸರ / ಆಶ್ವಿನ ಶು|| ೧೦’. ಅದರ ಕೆಳಗೆ ನಾಲ್ಕು ಬೆರಳು ಅಗಲದ ಸಿಮೆಂಟು.

ಮರುದಿನ ಊರಿನ ಹಿರಿಯರೊಬ್ಬರ ಹತ್ತಿರ ಹೋಗಿ ಫೋಟೋ ತೋರಿಸಿದೆ. ಎಂಬತ್ತೈದು ದಾಟಿದವರು. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದು ನಮ್ಮ ಮಿಠಾಯಿ ಅಜ್ಜಾರ ಹೌದಿನ ಕಲ್ಲು ತಮಾ,” ಎಂದರು. ಹೌದು ಅಂದರೆ ನೀರಿನ ತೊಟ್ಟಿ. “ಸಾಲಿ ಬಾಗಲದಾಗ ಇತ್ತು. ಅದರ ನೀರು ಕುಡದ ನಾವು ಅಕ್ಷರಾ ಕಲತದ್ದು.”

“ಅವರ ಹೆಸರು ಯಾಕ ಹಾಕಿಲ್ರೀ ಅಜ್ಜಾರ ಇದರಾಗ?”

“ಹಾಕಬ್ಯಾಡಾಂದ್ರಂತ. ಕೊಟ್ಟದ್ದ ನೀರು, ಅದಕ್ಯಾಕ ಹೆಸರು ಅಂದ್ರಂತ ನಮ್ಮಪ್ಪನ ಮುಂದ.”

ಅವರು ಹೇಳಿದ ಪ್ರಕಾರ ಮಿಠಾಯಿ ಅಜ್ಜ ಹುಡುಗರಾಗಿದ್ದಾಗ ಧಾರವಾಡದ ಲೈನ್ ಬಜಾರಿನ ಕಡೆ ಖವಾ ತಿರುವುವ ಕೆಲಸಕ್ಕಿದ್ದು, ಆಮೇಲೆ ಊರಿಗೆ ಬಂದು ಅಂಗಡಿ ಇಟ್ಟವರು. ಧಾರವಾಡ ಪೇಡೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಪ್ಲೇಗಿನ ದೆಸೆಯಿಂದ ಉತ್ತರ ಪ್ರದೇಶದ ಉನ್ನಾವ್ ಬಿಟ್ಟು ಬಂದ ಠಾಕೂರ್ ಮನೆತನದ ರಾಮರತನ್ ಸಿಂಗರು ಇಲ್ಲಿ ಅದನ್ನು ಶುರುಮಾಡಿದರು. ಗೌಳಿಗರ ಎಮ್ಮೆಯ ಹಾಲು ಅದಕ್ಕೆ ರುಚಿ ಕೊಟ್ಟಿತು. ಇವತ್ತು ಅದು ಭೌಗೋಳಿಕ ಸೂಚಿ ಪಡೆದ ತಿನಿಸು. ಆ ಒಲೆಯ ಮುಂದೆ ಕೂತು ಕಲಿತ ಎಷ್ಟೋ ಜನ ಸುತ್ತಲ ಊರುಗಳಲ್ಲಿ ಸಣ್ಣ ಸಣ್ಣ ಅಂಗಡಿ ಇಟ್ಟು ಬದುಕಿದ್ದಾರೆ. ನಮ್ಮ ಅಜ್ಜ ಅವರಲ್ಲಿ ಒಬ್ಬರು. ಅಂಗಡಿಯಲ್ಲಿ ಪೇಡೆ ಕಡಿಮೆ. ಬೆಂಡು ಬತ್ತಾಸು, ಚೂಡಾ, ಬುಂದೆ ಉಂಡಿ ಹೆಚ್ಚು. ಜಾತ್ರೆ ಬಂದರೆ ಗಾಡಿ ಕಟ್ಟುತ್ತಿದ್ದರು. ಪರೀಕ್ಷೆ ಪಾಸಾದ ಹುಡುಗ ಬಂದು ಹೇಳಿದರೆ ಒಂದು ಪಟ್ಟಿಯ ವಹಿ, ಒಂದು ಉಂಡಿ ಕೈಗಿಡುತ್ತಿದ್ದರು. ತಾವು ಸಾಲಿ ಮೆಟ್ಟಿಲು ಹತ್ತಿದವರಲ್ಲ.

ಎರಡನೇ, ಮೂರನೇ ರವಿವಾರ

ಶುದ್ಧ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಿದಿರಿನ ಚಕ್ಕೆ. ಇವು ಮೂರೇ. ತಂತಿ ಬ್ರಷ್ಷು ಮುಟ್ಟಲಿಲ್ಲ, ಸಾಬೂನೂ ಬಳಸಲಿಲ್ಲ. ಪಾಚಿ, ಜಿಡ್ಡು ಮೊದಲ ದಿನವೇ ಹೋದವು. ಮೇಲಿನ ಪದರು ನೀಲಿ ಎಣ್ಣೆಬಣ್ಣ, ಅದರಡಿ ಹಳದಿ ಡಿಸ್ಟೆಂಪರ್, ಅದರಡಿ ಸುಣ್ಣ, ಸುಣ್ಣದ ಮೇಲೆ ಸುಣ್ಣ. ಆ ನೀರಿನ ಹೌದು ನಿಂತಿರುವ ತನಕ ಹಬ್ಬಕ್ಕೊಮ್ಮೆ ಸುಣ್ಣ ಬಳಿದಿದ್ದಾರೆ. ಆ ಸುಣ್ಣವೇ ಈಗ ನಮಗೆ ನೆರವಾಯಿತು. ಎಣ್ಣೆಬಣ್ಣ ಕಲ್ಲಿಗೆ ಅಂಟಿರಲಿಲ್ಲ, ಸುಣ್ಣಕ್ಕೆ ಅಂಟಿತ್ತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ತಾಸು ಹೊದಿಸಿ, ಬಿದಿರಿನ ಚಕ್ಕೆಯನ್ನು ಮಲಗಿಸಿ ತಳ್ಳಿದರೆ ಹಪ್ಪಳದಂತೆ ಎದ್ದು ಬರುತ್ತಿತ್ತು.

ಮೇಲಿನ ಎಡಮೂಲೆಯ ಒಂದು ಹಪ್ಪಳ ಎದ್ದಾಗ ಕೆಳಗೊಂದು ಸಣ್ಣ ವರ್ತುಲ, ಸುತ್ತ ಗೆರೆಗಳು. ಬಲಮೂಲೆಯಲ್ಲಿ ಏನಿರಬಹುದೆಂದು ಆಗಲೇ ಹೊಳೆಯಿತು. ಅಲ್ಲಿ ಬಿಡಿಸಿದರೆ ಅರ್ಧಚಂದ್ರ. ನಮ್ಮ ನಾಡಿನ ದಾನಶಾಸನಗಳ ತಲೆಯ ಮೇಲೆ ಸೂರ್ಯ ಚಂದ್ರ ಇರುತ್ತಾರೆ, ಅವರಿರುವ ತನಕ ಈ ದಾನ ನಡೆಯಲಿ ಎಂದು. ಊರು, ಭೂಮಿ ಬಿಟ್ಟ ಅರಸರ ಕಲ್ಲಿನ ಮೇಲಿರುವ ಗುರುತನ್ನು ಯಾರೋ ಕಲ್ಲುಕುಟಿಗ ಒಂದು ನೀರಿನ ತೊಟ್ಟಿಗೂ ಕೊರೆದಿದ್ದಾನೆ. ಬೆರಳಿನ ಉಗುರಿನಷ್ಟೇ ದೊಡ್ಡವು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ, ಆ ದಿನ ಮುಂದೆ ಕೆಲಸ ಸಾಗಲಿಲ್ಲ.

ಶಕೆಯ ಲೆಕ್ಕ

೧೮ ಮತ್ತು ೯ರ ನಡುವಿನ ಅಂಕಿಯ ಮೇಲೆ ಚಕ್ಕೆ ಎದ್ದು ಹೋಗಿತ್ತು. ಉಳಿದದ್ದು ಮೇಲಿನ ಒಂದು ಬಾಗು ಮಾತ್ರ. ಅದು ೬ ಇರಬಹುದು, ೦ ಇರಬಹುದು. ಸಂವತ್ಸರದ ಹೆಸರು ಇದ್ದರೂ ಅದು ಒಂದನ್ನೇ ತೋರಿಸುವುದಿಲ್ಲ, ಏಕೆಂದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. ಶಕೆ 1809 ಸರ್ವಜಿತ್, ಅಂದರೆ 1887. ಶಕೆ 1869 ಕೂಡ ಸರ್ವಜಿತ್, ಅಂದರೆ 1947. ಹಿರಿಯರ ನೆನಪು ಎರಡನೆಯದರ ಕಡೆಗಿತ್ತು. ಆದರೆ ಕಲ್ಲಿನಿಂದಲೇ ಉತ್ತರ ಬರಲಿ ಎಂಬ ಹಟ ನನಗೆ. ಉಳಿದದ್ದು ಸಿಮೆಂಟಿನ ಅಡಿಯ ಸಾಲು.

ಸಿಮೆಂಟು ತೆಗೆಯುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಕಲ್ಲಿಗಿಂತ ಅದೇ ಗಟ್ಟಿ. ನಮ್ಮೂರ ಗವಂಡಿ ಕಾಕಾ ಜೊತೆಗೆ ಕೂತರು. ಮಧ್ಯಕ್ಕೆ ಹೊಡೆಯಬಾರದು, ಅಂಚಿನಿಂದ ಒಳಗೆ ಬರಬೇಕು, ಚಾಣವನ್ನು ನೆಟ್ಟಗೆ ನಿಲ್ಲಿಸದೆ ಕಲ್ಲಿಗೆ ಒರಗಿಸಿ ಮಲಗಿಸಬೇಕು ಎಂದು ಕೈ ಹಿಡಿದು ತೋರಿಸಿದರು. ಮೊದಲು ಸಿಮೆಂಟಿನಲ್ಲಿ ಅಡ್ಡಡ್ಡ ಗೀರು ಹಾಕಿ ಸಣ್ಣ ಸಣ್ಣ ಚೌಕ ಮಾಡಿಕೊಂಡೆವು. ಆಮೇಲೆ ಸಣ್ಣ ಚಾಣ, ಸಣ್ಣ ಸುತ್ತಿಗೆ, ಒಂದು ಚೌಕಕ್ಕೆ ಹತ್ತು ಹನ್ನೆರಡು ಮೆಲುಪೆಟ್ಟು. ಒಂದು ಬಿಟ್ಟಿತೆಂದರೆ ಪಕ್ಕದ್ದು ಸಡಿಲ. ಮೂರು ಸಂಜೆ ಹಿಡಿಯಿತು. ಮೂರನೇ ಸಂಜೆ ನನ್ನ ಒಂದು ಪೆಟ್ಟು ಜೋರಾಗಿ ಬಿತ್ತು, ಚೌಕದ ಜೊತೆ ಒಂದು ಅಕ್ಷರದ ತುದಿಯೂ ಹಾರಿತು. ಕಾಕಾ ಏನೂ ಅನ್ನಲಿಲ್ಲ, ಸುತ್ತಿಗೆ ಇಸಿದುಕೊಂಡು ಉಳಿದದ್ದನ್ನು ತಾವೇ ತೆಗೆದರು.

ಧೂಳು ಊದಿದಾಗ ಕಂಡದ್ದು: ಜಯ ಹಿಂದ್.

ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನಿಂದ ಆ ಘೋಷ ದೇಶದ ಮನೆಮಾತಾದದ್ದು 1940ರ ದಶಕದಲ್ಲಿ. 1887ರ ಕಲ್ಲಿನಲ್ಲಿ ಅದು ಇರಲು ಸಾಧ್ಯವಿಲ್ಲ. ಹಾಗಾಗಿ ಅಂಕಿ ೬. ಶಕೆ 1869, ಆಶ್ವಿನ ಶುದ್ಧ ದಶಮಿ, 1947ರ ಅಕ್ಟೋಬರ್ ತಿಂಗಳ ವಿಜಯದಶಮಿ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ದಸರೆ, ಊರೆಲ್ಲ ಬನ್ನಿ ಕೊಟ್ಟು “ಬಂಗಾರದ್ಹಂಗ ಇರೋಣ” ಎನ್ನುವ ದಿನ. ಆಗ ಧಾರವಾಡ ಸೀಮೆ ಇನ್ನೂ ಮುಂಬಯಿ ಪ್ರಾಂತದಲ್ಲಿತ್ತು. ಯುದ್ಧಕಾಲದಲ್ಲಿ ಶುರುವಾದ ಸಕ್ಕರೆ ನಿಯಂತ್ರಣವೂ ಇನ್ನೂ ತೆಗೆದಿರಲಿಲ್ಲ. ಹಿರಿಯರು ಹೇಳಿದ್ದು ಆಗ ಅರ್ಥವಾಯಿತು: “ಸಕ್ರಿ ಸಿಗತಿದ್ದಿಲ್ಲ, ಅಜ್ಜಾರು ಬರೇ ಬೆಲ್ಲದ ಶೇಂಗಾ ಉಂಡಿ ಕಟ್ಟಿ ಮಾರತಿದ್ರು.” ಮಿಠಾಯಿ ಅಂಗಡಿಯವನಿಗೆ ಸಕ್ಕರೆಯೇ ಸಿಗದ ಕಾಲದಲ್ಲಿ ಈ ಹೌದು ಕಟ್ಟಿದ್ದು.

ಉಪ್ಪು

ಕಲ್ಲು ಒಣಗಿದ ಮೇಲೆ ಮೈಮೇಲೆ ಬಿಳಿ ಪುಡಿ ಏಳತೊಡಗಿತು. ಗಟಾರದ ನೀರು ಮತ್ತು ಸಿಮೆಂಟಿನಿಂದ ಒಳಸೇರಿದ ಲವಣ. ಒರೆಸಿದರೆ ಹೋಗುತ್ತದೆ, ಮರುದಿನ ಮತ್ತೆ ಬರುತ್ತದೆ. ಹಾಗೇ ಬಿಟ್ಟರೆ ಒಳಗೆ ಹರಳುಗಟ್ಟಿ ಮೇಲ್ಮೈಯನ್ನೇ ಉದುರಿಸುತ್ತದೆ. ಇದಕ್ಕೆ ಮದ್ದು ಕಾಗದದ ಲೇಪ. ಅಚ್ಚಾಗದ ಬಿಳಿ ಟಿಶ್ಯೂ ಕಾಗದವನ್ನು ಶುದ್ಧ ನೀರಿನಲ್ಲಿ ನೆನೆಸಿ, ಹಿಸುಕಿ ಮುದ್ದೆ ಮಾಡಿ, ಅರ್ಧ ಇಂಚು ದಪ್ಪ ಮೆತ್ತಿದೆ. ನೀರು ಒಳಗೆ ಹೋಗಿ ಲವಣವನ್ನು ಕರಗಿಸುತ್ತದೆ, ಆರುವಾಗ ಅದನ್ನು ಹೊತ್ತುಕೊಂಡು ಕಾಗದಕ್ಕೆ ಬರುತ್ತದೆ. ಪೂರ್ತಿ ಒಣಗಿ ತಾನಾಗಿ ಬಿರಿದ ಮೇಲೆ ತೆಗೆದುಹಾಕಬೇಕು. ಆ ಕಾಗದವನ್ನು ಮತ್ತೆ ಬಳಸಬಾರದು. ಮೂರು ಸಲ ಮಾಡಿದ ಮೇಲೆ ಪುಡಿ ಏಳುವುದು ನಿಂತಿತು. ಪ್ರತಿ ಸಲವೂ ನಾಲ್ಕೈದು ದಿನ. ಈ ಹಂತದಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ.

ತುಕ್ಕಿನ ಕಂದು ಕಲೆ ಮಾತ್ರ ಹೋಗಲಿಲ್ಲ. ಅದಕ್ಕೆ ಹೇಳುವ ಔಷಧಗಳೆಲ್ಲ ಆ್ಯಸಿಡ್ ಜಾತಿಯವು. ಇರಲಿ ಬಿಟ್ಟೆ.

ಮೂಲೆ ಕೂಡಿಸಿದ್ದು

ಇದು ನನ್ನ ಕಸುಬಿಗೆ ಹತ್ತಿರದ ಕೆಲಸ, ಬೇಗ ಆಯಿತು. 6 ಮಿಲಿಮೀಟರಿನ ಮೂರು ಸ್ಟೇನ್‌ಲೆಸ್ ಸ್ಟೀಲ್ ಸರಳು, 8ರ ತೂತು, ಎರಡೂ ತುಂಡಿನಲ್ಲಿ ಎರಡೆರಡು ಇಂಚು ಆಳ. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ನೀರು ಚಿಮುಕಿಸುತ್ತ ನಿಧಾನವಾಗಿ ಕೊರೆದೆ. ಹಳೆಯ ಕೊಕ್ಕೆಯ ತುಕ್ಕನ್ನು ಪೂರ್ತಿ ಕೆರೆದು ತೆಗೆದೆ. ತೂತಿನ ಒಳಗೆ ಮಾತ್ರ ಎಪಾಕ್ಸಿ ಅಂಟು, ಮುರಿದ ಮುಖಕ್ಕೆ ಹಚ್ಚಲಿಲ್ಲ. ಹಚ್ಚಿದರೆ ಒತ್ತಿದಾಗ ಹೊರಗೆ ಉಕ್ಕಿ ಅಕ್ಷರಗಳ ಮೇಲೆ ಬರುತ್ತದೆ.

ಸಂದಿಗೆ ಸುಣ್ಣದ ಗಾರೆ. ಕಲ್ಲುಸುಣ್ಣ ತಂದು ಬಕೇಟಿನಲ್ಲಿ ಅರಳಿಸಿ ಒಂದು ತಿಂಗಳು ನೀರಿನಡಿ ಇಟ್ಟಿದ್ದೆ. ಅರಳಿಸುವಾಗ ಕುದಿಯುತ್ತದೆ, ಸಿಡಿಯುತ್ತದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು, ಮಕ್ಕಳು ಹತ್ತಿರ ಇರಕೂಡದು. ಫರಸಿ ಕೊಯ್ಯುವ ಮಷೀನಿನ ಬಳಿ ಸಿಕ್ಕ ಅದೇ ಕಲ್ಲಿನ ಹುಡಿಯನ್ನು ಜಾಲಿಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆ ಪಾಲು ಬೆರೆಸಿದೆ. ಬಣ್ಣ ತಾನಾಗಿ ಹೊಂದಿತು. ಒಂದು ಸಲಕ್ಕೆ ಕಾಲು ಇಂಚಿಗಿಂತ ಹೆಚ್ಚು ತುಂಬಬಾರದು. ಮೇಲೆ ಒದ್ದೆ ಗೋಣಿ ಹೊದಿಸಿ ಒಂದು ವಾರ ಆರಗೊಡದೆ ಕಾದೆ. “ಗಾರಿ ಕೂಸಿದ್ದಂಗ, ಬಿಸಲಿಗೆ ಬಿಡಬಾರದು” ಎಂದು ಕಾಕಾ ಹೇಳಿದ್ದರು. ಬಿಟ್ಟರೆ ಕೂದಲಿನಂಥ ಬಿರುಕು ಬರುತ್ತದೆ.

ನಾನು ಹಾರಿಸಿದ ಅಕ್ಷರದ ತುದಿಯನ್ನು ಗಾರೆಯಿಂದ ತಿದ್ದಬಹುದಿತ್ತು. ತಿದ್ದಲಿಲ್ಲ. ಓದಲು ಅಡ್ಡಿಯಿಲ್ಲ, ಮತ್ತು ಅದು ಆ ಕಲ್ಲುಕುಟಿಗನ ಗೆರೆಯಲ್ಲ.

ಅಕ್ಷರದ ಜಗಳ

ಇಲ್ಲಿ ಸಾಲಿಯ ಕಮಿಟಿಯಲ್ಲಿ ಮಾತಿಗೆ ಮಾತು ಬೆಳೆಯಿತು. ಒಬ್ಬ ಗುರುಗಳಿಗೆ ‘ನೀರಡಿಕಿಗೆ’ ಎಂಬುದು ಸರಿಕಾಣಲಿಲ್ಲ. ಸಾಲಿಯ ಗೋಡೆಯ ಮೇಲೆ ಮಕ್ಕಳು ಓದುವಂಥದ್ದು, ‘ನೀರಡಿಕೆಗೆ’ ಎಂದು ತಿದ್ದಿಸಿ ಎಂದರು. ಅವರ ಕಳಕಳಿ ನನಗೆ ತಿಳಿಯದ್ದಲ್ಲ. ಆದರೆ ಹೇಳಿದವರು ಹಾಗೇ ಹೇಳಿದ್ದಾರೆ, ಕೊರೆದವನು ಕೇಳಿದ್ದನ್ನು ಕೊರೆದಿದ್ದಾನೆ. ಆ ‘ಕಿ’ಯಲ್ಲಿ ಮಿಠಾಯಿ ಅಜ್ಜನ ದನಿ ಇದೆ. ಅವರ ಫೋಟೋ ಒಂದೂ ಇಲ್ಲ, ಉಳಿದಿರುವುದು ಆ ಒಂದು ಉಚ್ಚಾರ. ಇದನ್ನು ಹೇಳಿದಾಗ ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ, ನಾನು ಮಕ್ಕಳಿಗೆ ಎರಡೂ ಹೇಳಿಕೊಡ್ತೀನಿ” ಎಂದರು.

ಎರಡನೆಯದು ಇನ್ನೂ ದೊಡ್ಡದು. ಊರಿನ ಕೆಲವರು ಹಣ ಕೂಡಿಸಿ, ಕಲ್ಲಿನ ಮೇಲ್ಭಾಗದ ಖಾಲಿ ಜಾಗದಲ್ಲಿ ಅಜ್ಜನ ಹೆಸರನ್ನು ಬಂಗಾರದ ಬಣ್ಣದಲ್ಲಿ ಕೊರೆಸಬೇಕೆಂದು ಬಂದರು. ಪ್ರೀತಿಯಿಂದಲೇ ಬಂದದ್ದು. ಇಷ್ಟು ಮಾಡಿದವರ ಹೆಸರು ಮಕ್ಕಳಿಗೆ ಗೊತ್ತಾಗದೆ ಹೋಗಬೇಕೇ ಎಂಬ ಅವರ ಪ್ರಶ್ನೆ ಸರಿಯಾದದ್ದೇ. ಆದರೂ ನಾನು ಒಪ್ಪಲಿಲ್ಲ. ತನ್ನ ಕಸುಬನ್ನು ಮಾತ್ರ ಬರೆಸಿ ಹೆಸರು ಬಿಟ್ಟವರು ಅವರು. ಆ ಕಲ್ಲಿಗೆ ನಾವು ಹೆಸರು ಕೊರೆದರೆ ಅವರ ಮಾತನ್ನು ಅಳಿಸಿದಂತೆ. ಕೊನೆಗೆ ಅಜ್ಜನ ಮೊಮ್ಮಗಳು ದಾರಿ ಹೇಳಿದರು. ಕಲ್ಲು ಇದ್ದ ಹಾಗೇ ಇರಲಿ, ಪಕ್ಕದಲ್ಲಿ ಬೇರೆ ಒಂದು ಸಣ್ಣ ತಗಡು ಹಾಕಿ, ಅದರಲ್ಲಿ ಹೆಸರು, ಹೌದಿನ ಕಥೆ, ಕಲ್ಲು ಸಿಕ್ಕ ಬಗೆ ಬರೆಯಿರಿ ಎಂದರು. ಎಲ್ಲರೂ ಒಪ್ಪಿದರು.

ಬಣ್ಣದ ಮಾತು ಬಂದಾಗ ಕಲ್ಲನ್ನೇ ಕೇಳಿದೆವು. ಸೂಜಿಯಿಂದ ನೋಡಿದಾಗ ‘ಸೇವೆ’ಯ ಗೆರೆಗಳ ತಳದಲ್ಲಿ ಕಾಡಿಗೆಯ ಕಪ್ಪು ಉಳಿದಿತ್ತು. ಅಂದರೆ ಮೊದಲು ಅಕ್ಷರಗಳಿಗೆ ಕಪ್ಪು ತುಂಬಿದ್ದರು. ಎಣ್ಣೆಯಲ್ಲಿ ಕಲೆಸಿದ್ದು ಕಲ್ಲಿಗೆ ಹೀರಿ ಹರಡುತ್ತದೆಂದು ನೀರಿನ ಅಕ್ರಿಲಿಕ್ ಕಪ್ಪನ್ನು ತೆಳು ಕುಂಚದಿಂದ ಗೆರೆಯ ತಳಕ್ಕಷ್ಟೇ ಹಚ್ಚಿದೆವು. ಈ ಕೆಲಸ ಮಾಡಿದ್ದು ಏಳನೇ ಇಯತ್ತೆಯ ಇಬ್ಬರು ಹುಡುಗಿಯರು. ನನ್ನ ಕೈಗಿಂತ ಅವರ ಕೈ ಸ್ಥಿರ. ಸೂರ್ಯ ಚಂದ್ರರಿಗೆ ಕಪ್ಪು ಇರಲಿಲ್ಲ, ಹಚ್ಚಲಿಲ್ಲ.

ಗೋಡೆಗೆ

ದಸರೆಗೇ ಏರಿಸಬೇಕೆಂದು ಎಲ್ಲರ ಆಸೆ. ಗಾರೆ ಇನ್ನೂ ಹಸಿ ಇತ್ತು, ಆಗಲಿಲ್ಲ. ಕಾರ್ತಿಕದಲ್ಲಿ ಒಂದು ಶನಿವಾರ ಬೆಳಗಿನ ಸಾಲಿ ಬಿಟ್ಟ ಮೇಲೆ ಕೂರಿಸಿದೆವು.

ಆ ನೀರಿನ ಹೌದು ಈಗ ಇಲ್ಲ, ಅದರ ಜಾಗದಲ್ಲಿ ಸೈಕಲ್ ಸ್ಟ್ಯಾಂಡ್ ಇದೆ. ಮಕ್ಕಳು ನೀರು ಕುಡಿಯುವ ನಳಗಳು ಪಡಸಾಲೆಯ ತುದಿಯಲ್ಲಿವೆ. ಆ ನಳಗಳ ಪಕ್ಕದ ಗೋಡೆಯೇ ತಕ್ಕದ್ದೆನಿಸಿತು. ಮೇಲೆ ಸೂರು ಇದೆ, ಮಳೆ ಬಡಿಯುವುದಿಲ್ಲ, ನಳದ ನೀರು ಸಿಡಿಯದಷ್ಟು ದೂರ. ಕಲ್ಲಿನ ನಡುಮಟ್ಟ ನೆಲದಿಂದ ನಾಲ್ಕು ಅಡಿ, ಮಕ್ಕಳ ಕಣ್ಣಿಗೆ ನೇರ. ದೊಡ್ಡವರು ಸ್ವಲ್ಪ ಬಾಗಬೇಕು.

ಶೆಡ್ಡಿನಲ್ಲಿ ನಾಲ್ಕು ಸ್ಟೇನ್‌ಲೆಸ್ ಹಿಡಿಕೆ ಮಾಡಿ ತಂದಿದ್ದೆ. ಕೆಳಗಿನ ಎರಡು ಭಾರ ಹೊರುತ್ತವೆ, ಮೇಲಿನ ಎರಡು ಬೀಳದಂತೆ ತಡೆಯುತ್ತವೆ, ಅಷ್ಟೇ. ಕಲ್ಲು ತಾಗುವಲ್ಲಿ ರಬ್ಬರ್ ಪಟ್ಟಿ. ಹಿಂದೆ ಗೋಡೆಗೂ ಕಲ್ಲಿಗೂ ನಡುವೆ 10 ಮಿಲಿಮೀಟರ್ ಸಂದಿ, ಗಾಳಿ ಆಡಲಿ, ಗೋಡೆಯ ತೇವ ಕಲ್ಲಿಗೆ ಹತ್ತದಿರಲಿ ಎಂದು. ಒಂದು ಚಿಟಿಕೆ ಸಿಮೆಂಟನ್ನೂ ಬಳಸಿಲ್ಲ. ನಾಳೆ ಗೋಡೆ ಕೆಡವುವ ಕಾಲ ಬಂದರೆ ನಾಲ್ಕು ಬೋಲ್ಟ್ ಬಿಚ್ಚಿ ಕಲ್ಲನ್ನು ಎತ್ತಿಕೊಂಡು ಹೋಗಬಹುದು. ಯಾವ ಪಾನಾ ಬೇಕು ಎಂಬುದನ್ನೂ ಸಾಲಿಯ ದಾಖಲೆ ವಹಿಯಲ್ಲಿ ಬರೆಸಿದ್ದೇನೆ. ಬಣ್ಣ ಬಳಿಯುವವರು ಬಂದಾಗ ಕಲ್ಲಿಗೆ ಹಾಳೆ ಮುಚ್ಚಬೇಕು, ಸುಣ್ಣ ಬಳಿಯಬಾರದು, ಆ್ಯಸಿಡ್ ಮುಟ್ಟಿಸಬಾರದು ಎಂದೂ ಅದೇ ಪುಟದಲ್ಲಿದೆ.

ಅಂದು ಅಜ್ಜನ ಮೊಮ್ಮಗಳು ಮನೆಯಲ್ಲೇ ಬೆಲ್ಲದ ಶೇಂಗಾ ಉಂಡಿ ಕಟ್ಟಿಕೊಂಡು ಬಂದಿದ್ದರು, ಸಾಲಿಯ ಪ್ರತಿ ಮಗುವಿಗೆ ಒಂದೊಂದು. ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಬಂದೆವು. ಅವರು ಕಲ್ಲನ್ನು ಕಣ್ಣಿನಿಂದ ಓದಲಿಲ್ಲ, ಬೆರಳಿನಿಂದ ಓದಿದರು. ‘ನೀರಡಿಕಿಗೆ’ ಎಂಬಲ್ಲಿ ಬೆರಳು ನಿಲ್ಲಿಸಿ, “ಒಂದ ವಾಟಗಾ ನೀರು ತಾರವ್ವಾ” ಎಂದು ಹತ್ತಿರವಿದ್ದ ಹುಡುಗಿಗೆ ಹೇಳಿದರು. ಅವಳು ನಳ ತಿರುವಿ ತಂದುಕೊಟ್ಟಳು.

ಅಜ್ಜನ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಅದು ಪಕ್ಕದ ತಗಡಿನ ಮೇಲಿದೆ. ನಮ್ಮೂರ ಕಡೆ ಬಂದವರು ಸಾಲಿಯ ಪಡಸಾಲೆಗೆ ಬಂದು ಓದಿ, ನೀರು ಕುಡಿದು ಹೋಗಬಹುದು.